ಒಂದೇ ಗೇರು: ಉಪವಾಸವೋ, ಹಸಿವೆಯೋ?



ನಮ್ಮ ನೆವಾರ್ಕ್ ಅಂಗೈಯಷ್ಟು ಸಪಾಟಾದ ಊರು. ಪಶ್ಚಿಮಕ್ಕೆ ಉಪ್ಪಿನ ಮಡಿಗಳು, ಜೌಗು ನೆಲ, ಡಂಬಾರ್ಟನ್ ಸೇತುವೆ. ಉಳಿದ ಕಡೆಯೆಲ್ಲ ಫ್ರೀಮಾಂಟ್. ಇಲ್ಲಿ ಸೈಕಲ್ಲಿಗೆ ಗೇರು ಬೇಡವೆಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಪೂರ್ವಕ್ಕೆ ತಲೆಯೆತ್ತಿದರೆ ಮಿಷನ್ ಪೀಕ್ ಕಾಣುತ್ತದೆ, 2,517 ಅಡಿ. ಸ್ಟ್ಯಾನ್‌ಫರ್ಡ್ ಅವೆನ್ಯೂ ಕಡೆಯಿಂದ ಹೊರಟರೆ ಸುಮಾರು 3 ಮೈಲಿ ದಾರಿಯಲ್ಲಿ 2,000 ಅಡಿ ಏರಬೇಕು. ಇಂಥ ಗುಡ್ಡಗಳಿಗೆ ಬೇಕೆಂದೇ ಒಂದೇ ಗೇರಿನ ಮೌಂಟನ್ ಬೈಕ್ ಒಯ್ಯುವವರಿದ್ದಾರೆ. ಕೈಯಲ್ಲಿ ಕಾಸಿಲ್ಲದೆ ಅಲ್ಲ. ಅಂಗಡಿಯಲ್ಲಿ ಹಿಂದಿನ ಚಕ್ರಕ್ಕೆ 12 ಗೇರಿರುವ ಸೈಕಲ್ಲುಗಳು ಸಾಲಾಗಿ ನಿಂತಿರುವಾಗ, ಸಾವಿರ ಡಾಲರಿಗೂ ಮಿಕ್ಕಿ ಕೊಟ್ಟು ಗೇರಿಲ್ಲದ್ದನ್ನು ತರುತ್ತಾರೆ. ಊರಿನಿಂದ ಬಂದ ನಮ್ಮ ಹಿರಿಯರು ಇದನ್ನು ಕೇಳಿ ನಗುತ್ತಾರೆ. "ನಾವು ಜೀವಮಾನವಿಡೀ ತುಳಿದದ್ದು ಅದನ್ನೇ ಅಲ್ಲವೇ? ಆಗ ಯಾರೂ ನಮ್ಮನ್ನು ಹೊಗಳಲಿಲ್ಲ!" ಎನ್ನುತ್ತಾರೆ.

ಈ ನಗುವಿನಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. ಇದ್ದದ್ದನ್ನು ಬಿಟ್ಟು ಕಡಿಮೆಯಲ್ಲಿ ಇರುವುದು ಗುಣವೇ, ಇಲ್ಲವೇ ಉಳ್ಳವರ ಆಟವೇ? ಇದನ್ನು ನಾವು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಆ ಸೈಕಲ್ಲಿನ ವಿಚಾರ. ಮುಂದೆ ಒಂದು ಹಲ್ಲುಚಕ್ರ, ಹಿಂದೆ ಒಂದು, ನಡುವೆ ಚೈನು, ಅಷ್ಟೇ. ಸಾಮಾನ್ಯವಾಗಿ ಮುಂದಿನದಕ್ಕೆ 32 ಹಲ್ಲು, ಹಿಂದಿನದಕ್ಕೆ 16. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಎರಡು ಸುತ್ತು. 26 ಅಂಗುಲದ ಚಕ್ರವಾದರೆ ಸೈಕಲ್ಲು ಸುಮಾರು 4 ಮೀಟರ್ ಮುಂದೆ ಹೋಗುತ್ತದೆ. ಏರಾಗಲಿ ಇಳಿಜಾರಾಗಲಿ ಲೆಕ್ಕ ಬದಲಾಗುವುದಿಲ್ಲ. ಸಪಾಟು ನೆಲದಲ್ಲಿ ಈ ಗೇರು ತೀರ ಹಗುರ. ಕಾಲು ಗಿರಗಿರನೆ ತಿರುಗುತ್ತದೆಯೇ ಹೊರತು ವೇಗ ಬರುವುದಿಲ್ಲ. ಕಡಿದಾದ ಏರಿನಲ್ಲಿ ತೀರ ಭಾರ. ಸೀಟಿನಿಂದ ಎದ್ದು ನಿಂತು ಮೈಭಾರವನ್ನೆಲ್ಲ ಹಾಕಿ ತುಳಿಯಬೇಕು. ಅದೂ ಆಗದಿದ್ದರೆ ಇಳಿದು ತಳ್ಳಬೇಕು. ಎಲ್ಲಕ್ಕೂ ಸ್ವಲ್ಪಸ್ವಲ್ಪ ಒಗ್ಗುವ, ಯಾವುದಕ್ಕೂ ಪೂರ್ತಿ ಒಗ್ಗದ ಗೇರು ಅದು.

ಇದರ ಚರಿತ್ರೆ ನಮ್ಮ ಬೇ ಏರಿಯಾದ್ದೇ ಎಂಬುದು ಸ್ವಾರಸ್ಯ. 1976ರ ಅಕ್ಟೋಬರಿನಲ್ಲಿ, ಗೋಲ್ಡನ್ ಗೇಟ್ ಸೇತುವೆಯ ಆಚೆ ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಊರಿನ ಬಳಿಯ ಗುಡ್ಡದ ಮಣ್ಣುದಾರಿಯಲ್ಲಿ ಕೆಲವು ಯುವಕರು ಹಳೆಯ ಸೈಕಲ್ಲುಗಳ ಇಳಿಜಾರಿನ ಪಂದ್ಯ ಶುರು ಮಾಡಿದರು. ಸುಮಾರು 2 ಮೈಲಿಯಲ್ಲಿ 1,300 ಅಡಿ ಇಳಿತ. ಸೈಕಲ್ಲುಗಳೋ 1930-40ರ ದಶಕಗಳ ದಪ್ಪ ಟೈರಿನವು, ಬಹಳಷ್ಟಕ್ಕೆ ಒಂದೇ ಗೇರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕ್ ಬೀಳುತ್ತಿತ್ತು. ಇಳಿದು ಮುಗಿಸುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಅದಕ್ಕೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂತು.

ಆದರೆ ಇಳಿದವರು ಮತ್ತೆ ಹತ್ತಬೇಕಲ್ಲ! ಆ ಸೈಕಲ್ಲುಗಳನ್ನು ತಳ್ಳಿಕೊಂಡೋ ಟ್ರಕ್ಕಿನಲ್ಲಿ ಹೇರಿಕೊಂಡೋ ಮೇಲೆ ಒಯ್ಯಬೇಕಿತ್ತು. ಹೀಗಾಗಿ ಗೇರುಗಳನ್ನು ಜೋಡಿಸಿದರು. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 'ಮೌಂಟನ್‌ಬೈಕ್ಸ್' ಎಂಬ ಕಂಪನಿ ತೆರೆದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ 15 ಗೇರುಗಳೊಂದಿಗೆ ಅಂಗಡಿಗೆ ಬಂತು. ಅಂದರೆ ಗೇರು ಯಾರ ಸೋಮಾರಿತನದಿಂದಲೂ ಹುಟ್ಟಲಿಲ್ಲ. ಗುಡ್ಡ ಹತ್ತುವ ಆಸೆಯಿಂದ ಹುಟ್ಟಿತು. ಇದನ್ನು ಮರೆತು 'ಗೇರು ಬಲಹೀನರಿಗೆ' ಎನ್ನುವುದು ಸರಿಯಲ್ಲ. ಹಾಗೆ ನೋಡಿದರೆ ಫ್ರಾನ್ಸಿನ ಟೂರ್ ಪಂದ್ಯದಲ್ಲಿಯೂ ಡಿರೇಲರ್ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಅನುಮತಿ ಸಿಕ್ಕ ಮೇಲೆ ಯಾರೂ ಹಳೆಯದನ್ನು ನೆನೆದು ಅಳುತ್ತ ಕೂರಲಿಲ್ಲ.

ಹಾಗಿದ್ದರೆ ಈಗ ಬಿಚ್ಚಿ ಹಾಕುವವರಿಗೆ ಸಿಗುವುದೇನು? ಕಾರಣಗಳು ಸರಳವಾಗಿವೆ. ಕೆಡುವ ಭಾಗ ಕಡಿಮೆ; ಕೆಸರು ಮೆತ್ತಿಕೊಂಡರೂ ಚೈನು ತಪ್ಪುವುದಿಲ್ಲ. ಸದ್ದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, 'ಈಗ ಯಾವ ಗೇರು?' ಎಂಬ ಯೋಚನೆಯೇ ಇಲ್ಲ. ಮನಸ್ಸು ಕೈಬೆರಳಿನಿಂದ ಬಿಡುಗಡೆಯಾಗಿ ದಾರಿಯ ಮೇಲೆ ಕೂರುತ್ತದೆ. ಮುಂದೆ ಏರಿದೆಯೆಂದರೆ ಈಗಲೇ ಓಟ ಹಿಡಿದುಕೊಳ್ಳಬೇಕು; ಸುಮ್ಮನೆ ಬ್ರೇಕ್ ಒತ್ತಿ ಆ ಓಟ ಕಳೆಯಬಾರದು. ಗುಡ್ಡ ಹೇಗಿದೆಯೋ ಹಾಗೇ ಕಾಲಿಗೆ ತಿಳಿಯುತ್ತದೆ. ಆಯ್ಕೆ ಇಲ್ಲದಾಗ ಗೊಣಗಾಟವೂ ನಿಲ್ಲುತ್ತದೆ.

ಇದು ನಮಗೆ ಚೆನ್ನಾಗಿ ಅರ್ಥವಾಗಬೇಕಾದ ಮಾತು. ಎರಡು ಸೂಟ್‌ಕೇಸ್ ಹಿಡಿದು ಬಂದ ನಮ್ಮ ಮನೆಗಳಲ್ಲಿ ಇಂದು ಬೆಳಗಿನ ತಿಂಡಿಯ ಡಬ್ಬಿಯಿಂದ ಹಿಡಿದು ಮಕ್ಕಳ ಶನಿವಾರದವರೆಗೆ ಎಲ್ಲಕ್ಕೂ ಹತ್ತು ಗೇರು. ಪಿಯಾನೋ, ಭರತನಾಟ್ಯ, ಸಾಕರ್, ಗಣಿತದ ಕ್ಲಾಸು, ಸಮಯ ಮಿಕ್ಕರೆ ಕನ್ನಡ. ಸ್ವಲ್ಪ ಕಷ್ಟವೆನಿಸಿದೊಡನೆ ಇನ್ನೊಂದಕ್ಕೆ ಬದಲಾಯಿಸುವ ಅನುಕೂಲವಿದೆ. ಅನುಕೂಲ ಕೆಟ್ಟದ್ದಲ್ಲ. ಆದರೆ ಏರಿನ ಅರ್ಧದಲ್ಲಿ ಉಸಿರು ಕಟ್ಟಿದಾಗಲೂ ಹಿಡಿದದ್ದನ್ನು ಬಿಡದೆ ನಾಲ್ಕು ಸುತ್ತು ತುಳಿಯುವ ಅಭ್ಯಾಸ ಎಲ್ಲಿಯೋ ಒಂದು ಕಡೆ ಆಗಬೇಡವೇ?

ಇಷ್ಟಾದ ಮೇಲೆ ಹಿರಿಯರ ಆಕ್ಷೇಪಕ್ಕೆ ಬರೋಣ. ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಊರಿನಲ್ಲಿ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಸೈಕಲ್ಲುಗಳ ಒಂದೇ ಗೇರಿನಲ್ಲಿ ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಮುಂದಿನ ಬಾರಿನ ಮೇಲೆ ಮಗು, ಹಿಂದಿನ ಕ್ಯಾರಿಯರಿನಲ್ಲಿ ಹೆಂಡತಿ, ಎಲ್ಲವೂ ಸಾಗಿದವು. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತ ತಲೆಮಾರು ಅದು. ಘಟ್ಟದ ರಸ್ತೆಯಲ್ಲಿ ಸೈಕಲ್ ತಳ್ಳುತ್ತಿದ್ದವರು ಗುಡ್ಡದ ಅನುಭವಕ್ಕಾಗಿ ತಳ್ಳುತ್ತಿರಲಿಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ಆರಂಭಿಸಿತು. ಅವೂ ಒಂದೇ ಗೇರಿನವೇ. ಪಕ್ಕದ ಊರಿನ ಹೈಸ್ಕೂಲಿಗೆ ನಡೆದೇ ಹೋಗಬೇಕಿದ್ದ ಹುಡುಗಿಗೆ ಆ ಸೈಕಲ್ಲು 'ಕಡಿಮೆ' ಅಲ್ಲ. ಅದು ಅವಳಿಗೆ ಸಿಕ್ಕ ಹೆಚ್ಚು. ಅದೇ ಯಂತ್ರ, ಅದೇ ಎರಡು ಹಲ್ಲುಚಕ್ರ. ಒಬ್ಬರಿಗೆ ಅದು ಬಿಡುವುದು, ಇನ್ನೊಬ್ಬರಿಗೆ ಪಡೆಯುವುದು.

ಆದ್ದರಿಂದ ಗುಣ ಸೈಕಲ್ಲಿನಲ್ಲಿಲ್ಲ ಎಂಬುದು ಸ್ಪಷ್ಟ. ಹಾಗಾದರೆ ಎಲ್ಲಿದೆ?

ನಮ್ಮ ಮನೆಗಳಲ್ಲಿ ಇದಕ್ಕೆ ಉತ್ತರ ಹಿಂದಿನಿಂದಲೂ ಇದೆ. ಏಕಾದಶಿಯ ದಿನ ಅಜ್ಜಿ ಊಟ ಬಿಡುತ್ತಿದ್ದರು. ಡಬ್ಬಿಯಲ್ಲಿ ಅಕ್ಕಿ ಇರುತ್ತಿತ್ತು. ಅಕ್ಕಿ ಇದ್ದುದರಿಂದಲೇ ಅದಕ್ಕೆ ಉಪವಾಸ ಎಂಬ ಹೆಸರು. ಅಕ್ಕಿ ಇಲ್ಲದ ಮನೆಯವರು ಉಣ್ಣದೆ ಮಲಗಿದರೆ ಅದು ಹಸಿವೆ. ಹೊಟ್ಟೆಯ ಸಂಕಟ ಒಂದೇ ಇರಬಹುದು. ಎರಡೂ ಒಂದೇ ಅಲ್ಲ. ಶ್ರವಣಬೆಳಗೊಳದ ಬಾಹುಬಲಿಯ ಕಥೆಯೂ ಹೀಗೆಯೇ. 981ರಲ್ಲಿ ಚಾವುಂಡರಾಯ ಮಾಡಿಸಿದ ಆ ಮೂರ್ತಿಯ ಮುಂದೆ ನಾವು ಕೈ ಮುಗಿಯುವುದು, ಅಣ್ಣ ಭರತನನ್ನು ಗೆದ್ದು, ರಾಜ್ಯ ಕೈಗೆ ಬಂದ ಗಳಿಗೆಯಲ್ಲಿಯೇ ಬಿಟ್ಟವನಿಗೆ. ಸೋತು ಬಿಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಸೈಕಲ್ಲಿನ ಗೇರನ್ನು ಬಾಹುಬಲಿಯ ರಾಜ್ಯಕ್ಕೆ ಹೋಲಿಸುವುದು ಅತಿಯಾಯಿತು ಎಂದು ನೀವು ನಗಬಹುದು. ನಿಜ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಗೇರು ಬಿಟ್ಟವರದು ತ್ಯಾಗವಲ್ಲ. ಸಾಯಂಕಾಲ ಅವರು ಕಾರಿನಲ್ಲಿಯೇ ಕೂಟಕ್ಕೆ ಬರುತ್ತಾರೆ. ಅದನ್ನು ಒಂದು ಸಣ್ಣ ವ್ರತ ಎನ್ನೋಣ. ವ್ರತಕ್ಕೆ ಬೆಲೆಯಿದೆ, ಆದರೆ ಅದಕ್ಕೆ ಎರಡು ಕಟ್ಟಳೆಗಳಿವೆ ಎಂದು ನಮಗೆ ತೋರುತ್ತದೆ.

ಮೊದಲನೆಯದು, ಉಪವಾಸ ಮಾಡಿದವರು ಹಸಿದವರಿಗೆ ಉಪದೇಶ ಮಾಡಬಾರದು. 'ಕಡಿಮೆಯಲ್ಲಿ ಎಷ್ಟು ಸುಖವಿದೆ ನೋಡಿ' ಎಂದು ಕಡಿಮೆಯಲ್ಲೇ ಬೆಂದವರ ಮುಂದೆ ಹೇಳುವುದು ಅನ್ಯಾಯ. ಕ್ಯಾನು ಹೊತ್ತು ತುಳಿದವರಿಗೆ ಗೇರು ಸಿಕ್ಕಿದ್ದರೆ ಸಂತೋಷವಾಗಿ ಹಾಕಿಕೊಳ್ಳುತ್ತಿದ್ದರು, ಹಾಕಿಕೊಳ್ಳಬೇಕಾಗಿಯೂ ಇತ್ತು. ಅರವತ್ತು ದಾಟಿದ ಮೊಣಕಾಲಿಗೆ ಇಂದು ಗೇರು ಬೇಕೆಂದರೆ ಅದರಲ್ಲಿ ಯಾವ ನಾಚಿಕೆಯೂ ಇಲ್ಲ.

ಎರಡನೆಯದು, ವ್ರತದ ಫಲ ವ್ರತದ ಹೊರಗೆ ಕಾಣಬೇಕು. ಅಜ್ಜಿಯ ಏಕಾದಶಿ ಮರುದಿನ ಬಾಗಿಲಿಗೆ ಬಂದವರ ಹಸಿವೆಯನ್ನು ಗುರುತಿಸುವಂತೆ ಮಾಡಿದ್ದರೆ ಅದು ಸಾರ್ಥಕ. ಗುಡ್ಡದಲ್ಲಿ ಏದುಸಿರು ಬಿಟ್ಟ ನಮ್ಮ ಹುಡುಗನಿಗೆ, ತಾತ ಇದನ್ನು ಮೂವತ್ತು ವರ್ಷ ದಿನಕ್ಕೆರಡು ಬಾರಿ, ಊಟದ ಡಬ್ಬಿ ಸಮೇತ, ಬೇರೆ ದಾರಿಯಿಲ್ಲದೆ ಮಾಡಿದರು ಎಂಬುದು ಕಾಲಿನಿಂದ ತಲೆಗೆ ಹತ್ತಿದರೆ ಆ ಸಾವಿರ ಡಾಲರು ದಂಡವಲ್ಲ. ಹತ್ತದಿದ್ದರೆ ಅದು ಬರೀ ಹೊಸ ಆಟಿಕೆ. ಆಟಿಕೆಯೂ ತಪ್ಪಲ್ಲ, ಅದನ್ನು ಸರಳತೆ ಎಂದು ಕರೆಯದಿದ್ದರೆ ಸಾಕು.

ದುಡ್ಡು ಹಾಕದೆ ಇದನ್ನು ಪರೀಕ್ಷಿಸಬೇಕೆನ್ನುವವರಿಗೆ ಒಂದು ಸಲಹೆ. ಅಲಮೇಡಾ ಕ್ರೀಕ್ ಟ್ರೇಲ್ ನೈಲ್ಸ್‌ನಿಂದ ಕೊಲ್ಲಿಯವರೆಗೆ ಸುಮಾರು 12 ಮೈಲಿ, ಪೂರ್ತಿ ಸಪಾಟು. ಮನೆಯಲ್ಲಿರುವ ಸೈಕಲ್ಲನ್ನೇ ನಡುಗೇರಿನಲ್ಲಿ ಇಟ್ಟು, ಒಂದು ದಿನ ಗೇರಿನ ಗುಂಡಿ ಮುಟ್ಟದೆ ಹೋಗಿಬನ್ನಿ. ಸಂಜೆಯಾದರೆ ಕೊಲ್ಲಿಯ ಎದುರುಗಾಳಿಯೇ ಗುಡ್ಡದ ಕೆಲಸ ಮಾಡುತ್ತದೆ. ಜೊತೆಗೆ ಮಕ್ಕಳಿರಲಿ, ಊರಿನಿಂದ ಬಂದ ಹಿರಿಯರಿದ್ದರೆ ದಡದ ಬೆಂಚಿನಲ್ಲಿ ಅವರೂ ಇರಲಿ. ಆಮೇಲೆ ಅವರ ಸೈಕಲ್ಲಿನ ಕಥೆ ಕೇಳಿ. ಆ ಕಥೆಯಲ್ಲಿ ಎಷ್ಟು ಪಾಲು ಹೆಮ್ಮೆ, ಎಷ್ಟು ಪಾಲು ನೋವು ಎಂಬುದನ್ನು ಅವರೇ ಹೇಳಬೇಕು. ಅವರ ಪರವಾಗಿ ನಾವು ತೀರ್ಮಾನಿಸುವುದು ಬೇಡ.