ಭಯವೋ ದಯೆಯೋ

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕಫ ಪರೀಕ್ಷೆ ಮಾಡುವುದು ನನ್ನ ಕೆಲಸ. 2020ರ ಮಾರ್ಚ್‌ವರೆಗೆ ನಾನು ಬಾಗಿಲು ತೆರೆಯುವ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ನಾಲ್ಕೈದು ಜನ ಕಫದ ಡಬ್ಬಿ ಹಿಡಿದು ಕೂತಿರುತ್ತಿದ್ದರು. ಲಾಕ್‌ಡೌನ್ ಬಂತು, ಕಟ್ಟೆ ಖಾಲಿಯಾಯಿತು. ಟಿಬಿ ಪತ್ತೆಗೆಂದು ಕೊಟ್ಟಿದ್ದ ಟ್ರೂನ್ಯಾಟ್ ಯಂತ್ರಕ್ಕೆ ಬೇರೆ ಚಿಪ್ ಹಾಕಿ ಕೋವಿಡ್ ಪರೀಕ್ಷೆ ಶುರುಮಾಡಿದೆವು. ಮನೆಮನೆಗೆ ಹೋಗಿ ಕೆಮ್ಮು ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆಯರು ಕ್ವಾರಂಟೈನ್ ಮನೆಗಳ ಕಡೆ ಹೋದರು.

ಆ ವರ್ಷದ ಕೊನೆಗೆ ಒಬ್ಬ ಗಾರೆ ಕೆಲಸದವನು ಬಂದ. ಕೆಲಸ ನಿಂತಾಗ ಬೆಂಗಳೂರಿನಿಂದ ಊರಿಗೆ ಮರಳಿದವನು, ಆರು ತಿಂಗಳಿಂದ ಕೆಮ್ಮುತ್ತಿದ್ದ. “ಕೊರೊನಾ ಅಂತ ಎತ್ಕೊಂಡು ಹೋಗ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ ಮೇಡಂ, ರಾತ್ರಿ ಕಂಬಳಿ ಬಾಯಿಗೊತ್ತಿ ಕೆಮ್ತಿದ್ದೆ” ಎಂದ. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದೆ: ನೀಲಿ ನೆಲದ ಮೇಲೆ ಟಿಬಿ ರೋಗಾಣುವಿನ ಕೆಂಪು ಕಡ್ಡಿಗಳು, ಎಣಿಸಲಾರದಷ್ಟು. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ‘ತ್ರೀ ಪ್ಲಸ್’ ಎಂದು ಬರೆದೆ. ವಾರದಲ್ಲಿ ಅದೇ ಶಾಯಿಯಲ್ಲಿ ಅವನ ಹದಿನಾರರ ಮಗಳ ಹೆಸರನ್ನೂ ಬರೆಯಬೇಕಾಯಿತು.

2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಸುಮಾರು 18 ಲಕ್ಷ. ರೋಗ ಇಳಿದಿರಲಿಲ್ಲ, ರೋಗಿಗಳು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ವರ್ಷವರ್ಷವೂ ಇಳಿಯುತ್ತ ಬಂದಿದ್ದ ಕ್ಷಯದ ಸಾವು ಜಗತ್ತಿನಲ್ಲಿ ಆ ವರ್ಷ ಮತ್ತೆ ಏರಿ, ಸುಮಾರು 15 ಲಕ್ಷ ಮುಟ್ಟಿತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾವು ಆಗ ತೋರಿದ್ದು ದಯೆಯೋ, ಭಯವೋ? ಕೋವಿಡ್, ಕ್ಷಯ ಎರಡೂ ಗಾಳಿಯಲ್ಲಿ ಹರಡುವ ರೋಗಗಳೇ. ಒಂದು ಯಾರ ಮನೆಗಾದರೂ ಬರಬಹುದಿತ್ತು, ಅದಕ್ಕೆ ಇಡೀ ದೇಶ ಎದ್ದು ನಿಂತಿತು. ಇನ್ನೊಂದು ಅರೆಹೊಟ್ಟೆಯವರ, ಕಿಟಕಿಯಿಲ್ಲದ ಕೋಣೆಯವರ ಪಾಲು ಎಂದುಕೊಂಡು ಸುಮ್ಮನಾದೆವು. ಭಯದಿಂದ ಮಾಡಿದ ಸೇವೆಯೂ ಜೀವ ಉಳಿಸಿದೆ. ಹಗಲಿರುಳು ನಾನೂ ಮಾಡಿದ್ದೇನೆ. ಆದರೆ ಭಯ ಇಳಿದ ದಿನ ಆ ಸೇವೆಯೂ ಮನೆಗೆ ಹೋಗುತ್ತದೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟರು. ಪಂಕ್ತಿಯಲ್ಲಿ ಕೂತವನಿಂದ ನನಗೇನು ಎಂದು ಕೇಳದೆ ಬಡಿಸುವುದು ದಾಸೋಹ. ನನಗೇನೂ ಆಗದು ಎಂದು ಗೊತ್ತಿದ್ದೂ ನೆರವಿಗೆ ಎದ್ದು ಹೋದರೆ, ಅದನ್ನು ದಯೆ ಎನ್ನುತ್ತೇನೆ.

ತಂದೆ, ಮಗಳು ಇಬ್ಬರೂ ಆರು ತಿಂಗಳ ಮಾತ್ರೆ ಮುಗಿಸಿ ವಾಸಿಯಾದರು. ನಿಮ್ಮ ಮನೆ ಪಕ್ಕದ ಶೆಡ್ಡಿನಲ್ಲಿ ಯಾರಾದರೂ ಎರಡು ವಾರ ದಾಟಿ ಕೆಮ್ಮುತ್ತಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಪರೀಕ್ಷೆಗೂ ಮಾತ್ರೆಗೂ ದುಡ್ಡು ಕೊಡಬೇಕಿಲ್ಲ.