ಮಗುವಿಗೆ ಏನೆಂದು ಹೆಸರಿಡುವಿರಿ?



ಜೂನ್ 24ರಂದು ನಮ್ಮ ತಾಯಿ ಧರ್ಮಸಭೆ ಸ್ನಾನಿಕ ಯೊವಾನ್ನರ ಜನನದ ಹಬ್ಬವನ್ನು ಆಚರಿಸುತ್ತದೆ. ಸಂತರ ಹಬ್ಬ ಎಂದರೆ ಸಾಮಾನ್ಯವಾಗಿ ಅವರು ಮರಣ ಹೊಂದಿ ಸ್ವರ್ಗದಲ್ಲಿ ಹುಟ್ಟಿದ ದಿನ. ಪ್ರಭು ಯೇಸು, ಮಾತೆ ಮರಿಯ, ಸ್ನಾನಿಕ ಯೊವಾನ್ನ ಈ ಮೂವರು ಈ ಲೋಕದಲ್ಲಿ ಹುಟ್ಟಿದ ದಿನವನ್ನೂ ನಾವು ಹಬ್ಬವಾಗಿ ಕೊಂಡಾಡುತ್ತೇವೆ. ಆ ದಿನದ ಶುಭಸಂದೇಶದಲ್ಲಿ ಬರುವುದು ಒಂದು ನಾಮಕರಣದ ಮನೆಯ ಗಲಾಟೆ. ಮಗು ಹುಟ್ಟಿ ಎಂಟನೆಯ ದಿನ. ನೆಂಟರಿಷ್ಟರು, ನೆರೆಹೊರೆಯವರು ಸೇರಿದ್ದಾರೆ. ತಂದೆಯ ಹೆಸರನ್ನೇ ಮಗನಿಗೂ ಇಟ್ಟು 'ಜೆಕರಿಯ' ಎಂದು ಕರೆಯಬೇಕೆಂದು ಅವರೆಲ್ಲ ಮಾತಾಡಿಕೊಂಡಿದ್ದಾರೆ. ಆಗ ಬಾಣಂತಿ ಎಲಿಜಬೇತಮ್ಮ ಅಡ್ಡ ಬರುತ್ತಾರೆ. ಆ ಹೆಸರು ಬೇಡ, ಯೊವಾನ್ನ ಎಂದಾಗಬೇಕು ಎನ್ನುತ್ತಾರೆ. ನಿಮ್ಮ ವಂಶದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಬಂಧುಗಳ ತಕರಾರು. ಮಾತು ನಿಂತುಹೋಗಿದ್ದ ತಂದೆಯನ್ನು ಕೈಸನ್ನೆಯಿಂದ ಕೇಳುತ್ತಾರೆ. ಅವರು ಹಲಗೆ ತರಿಸಿ ಯೊವಾನ್ನ ಎಂದೇ ಬರೆಯುತ್ತಾರೆ. ಕಟ್ಟಿಹೋಗಿದ್ದ ನಾಲಿಗೆ ಸಡಿಲವಾಗುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದೂ ಹೀಗೆಯೇ ಅಲ್ಲವೇ? ತಾತನ ಹೆಸರು ಬೇಕು ಎಂದು ಒಬ್ಬರು, ಹರಕೆ ಹೊತ್ತ ಸಂತರ ಹೆಸರು ಬೇಕು ಎಂದು ಇನ್ನೊಬ್ಬರು. ಮಗುವಿನ ಸೋದರಮಾವ ಟಿವಿಯಲ್ಲಿ ಕೇಳಿದ ಯಾವುದೋ ಹೊಸ ಹೆಸರನ್ನು ಹಿಡಿದುಕೊಂಡು ಕುಳಿತಿರುತ್ತಾನೆ. ಆ ಹೆಸರಿನ ಅರ್ಥವೇನೆಂದು ಕೇಳಿದರೆ, 'ಕೇಳಲು ಚೆನ್ನಾಗಿದೆ ಫಾದರ್' ಎಂಬ ಉತ್ತರ ಸಿಗುತ್ತದೆ.

ಹೋದ ವರ್ಷ ಒಂದು ಯುವ ದಂಪತಿ ತಮ್ಮ ಚೊಚ್ಚಲ ಹೆಣ್ಣುಮಗುವಿನ ದೀಕ್ಷಾಸ್ನಾನಕ್ಕೆ ದಿನ ಗೊತ್ತುಮಾಡಲು ನನ್ನ ಬಳಿ ಬಂದರು. ಜೊತೆಯಲ್ಲಿ ಹುಡುಗನ ತಾಯಿಯೂ ಇದ್ದರು, ಅರವತ್ತು ದಾಟಿದ ಹೆಣ್ಣುಮಗಳು. ನಮ್ಮ ಅನೇಕ ಕುಟುಂಬಗಳಲ್ಲಿ ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡುವ ವಾಡಿಕೆ ಇದೆ. ಮಗ ಹಾಗೆಯೇ ಹೇಳಿದ: 'ಅಮ್ಮನ ಹೆಸರನ್ನೇ ಇಡುತ್ತೇವೆ ಫಾದರ್.' ಅಷ್ಟರವರೆಗೆ ಸುಮ್ಮನಿದ್ದ ಆ ತಾಯಿ ತಟ್ಟನೆ ಎದ್ದು ನಿಂತರು. 'ನನ್ನ ಹೆಸರು ಮಾತ್ರ ಬೇಡ ಸ್ವಾಮಿ' ಎಂದರು. ಅವರ ಹೆಸರು ಸಾಕಮ್ಮ. ಐದನೆಯ ಹೆಣ್ಣಾಗಿ ಹುಟ್ಟಿದವರು. ಹೆಣ್ಣು ಹುಟ್ಟಿದ್ದು ಸಾಕು ಎಂದು ಮನೆಯವರು ಇಟ್ಟ ಹೆಸರು. ಅರವತ್ತು ವರ್ಷಗಳಿಂದ ಯಾರು ಕೂಗಿದರೂ ಆ ಹೆಸರು ಅವರಿಗೆ ಅದನ್ನೇ ಹೇಳುತ್ತಾ ಬಂದಿದೆ.

ಅವರ ಕಥೆಗೆ ಮತ್ತೆ ಬರುತ್ತೇನೆ. ಅದಕ್ಕೆ ಮುಂಚೆ ಯೊವಾನ್ನ ಎಂಬ ಹೆಸರಿನ ಬೆನ್ನುಹತ್ತಿ ಸ್ವಲ್ಪ ದೂರ ಹೋಗೋಣ.

ಹೀಬ್ರೂ ಭಾಷೆಯಲ್ಲಿ ಅದು ಯೋಹಾನಾನ್, 'ದೇವರು ಕೃಪೆ ತೋರಿದ್ದಾರೆ' ಎಂದು ಅರ್ಥ. ಮಕ್ಕಳಿಲ್ಲದೆ ಮುಪ್ಪಾದ ದಂಪತಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದಿದ್ದೀತು? ಆ ಹೆಸರು ಅಲ್ಲಿಂದ ಹೊರಟು ಊರೂರು ಸುತ್ತಿತು. ಇಟಲಿಯಲ್ಲಿ ಜೊವಾನ್ನಿ, ಸ್ಪೇನಿನಲ್ಲಿ ಹುವಾನ್, ರಷ್ಯದಲ್ಲಿ ಇವಾನ್, ಜರ್ಮನಿಯಲ್ಲಿ ಹಾನ್ಸ್, ಐರ್ಲೆಂಡಿನಲ್ಲಿ ಶಾನ್, ಇಂಗ್ಲಿಷರಲ್ಲಿ ಜಾನ್. ಅರಬ್ಬೀ ಮಾತಾಡುವ ಮುಸ್ಲಿಮರು ಇದೇ ಯೊವಾನ್ನರನ್ನು ಯಾಹ್ಯಾ ಎಂದು ಗೌರವಿಸುತ್ತಾರೆ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಪೋರ್ಚುಗೀಸರಿಂದ ಬಂದ ಜುವಾಂವ್. ಇವೆಲ್ಲ ಸದ್ದನ್ನು ಉಳಿಸಿಕೊಂಡ ಹೆಸರುಗಳು. ತಮಿಳರು ಮಾತ್ರ ಸದ್ದನ್ನು ಬಿಟ್ಟು ಅರ್ಥವನ್ನು ಹಿಡಿದರು. ಅರುಳ್ ಎಂದರೆ ಕೃಪೆ, ಹಾಗಾಗಿ ಯೊವಾನ್ನ ಅಲ್ಲಿ ಅರುಳಪ್ಪ. ಲತೀನಿನ ಪೌಲುಸ್ ಎಂಬುದಕ್ಕೆ 'ಚಿಕ್ಕವನು' ಎಂಬ ಅರ್ಥವಿರುವುದರಿಂದ ಸಂತ ಪೌಲರು ಚಿನ್ನಪ್ಪರಾದರು. ಆ ಹೆಸರು ಗಡಿ ದಾಟಿ ನಮ್ಮ ಹಳೆಯ ಮೈಸೂರಿನ ಕಡೆಗೆ ಬಂದಾಗ ಒಂದು ತಮಾಷೆ ನಡೆಯಿತು. ತಮಿಳಿನ 'ಚಿಕ್ಕ' ನಮ್ಮ ಕಿವಿಗೆ 'ಬಂಗಾರ'ವಾಯಿತು! ನಿಮ್ಮೂರಿನ ಚಿನ್ನಪ್ಪನವರನ್ನು ಕೇಳಿ ನೋಡಿ, ತಮ್ಮದು ಬಂಗಾರದ ಹೆಸರೆಂದೇ ಅವರು ನಂಬಿರಬಹುದು. ನಂಬಲಿ ಬಿಡಿ.

ಚೌರಪ್ಪ ಎಂಬ ಹೆಸರು ಇನ್ನೂ ದೂರದಿಂದ ಬಂದದ್ದು. ಅದು ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರು, ಸವರಿ ಎಂದಾಗಿ, ಚೌರಿ ಎಂದಾಗಿ ನಮ್ಮ ಬಾಯಿಗೆ ಹೊಂದಿಕೊಂಡಿದೆ. ಆದರೆ ಕ್ಸೇವಿಯರ್ ಎಂಬುದು ಮೊದಲಿಗೆ ಮನುಷ್ಯನ ಹೆಸರೇ ಅಲ್ಲ. 1506ರಲ್ಲಿ ಅವರು ಹುಟ್ಟಿದ ಕೋಟೆಮನೆಯ ಹೆಸರು. ಸ್ಪೇನಿನ ಉತ್ತರಕ್ಕಿರುವ ಬಾಸ್ಕ್ ಜನರ ನುಡಿಯಲ್ಲಿ 'ಎಚೆ ಬೆರಿ' ಎಂದರೆ ಹೊಸ ಮನೆ. ನಮ್ಮಲ್ಲಿ 'ಹೊಸಮನೆ' ಎಂಬ ಮನೆತನದ ಹೆಸರು ಇರುವುದಿಲ್ಲವೇ, ಹಾಗೆಯೇ. ಇನ್ನು ಅವರ ಫ್ರಾನ್ಸಿಸ್ ಎಂಬ ಹೆಸರು ಅಸ್ಸಿಸಿಯಿಂದ ಬಂದದ್ದು. ಅಸ್ಸಿಸಿಯ ಸಂತರಿಗೆ ದೀಕ್ಷಾಸ್ನಾನದಲ್ಲಿ ಇಟ್ಟಿದ್ದು ಜೊವಾನ್ನಿ, ಅಂದರೆ ಮತ್ತೆ ನಮ್ಮ ಯೊವಾನ್ನ. ಬಟ್ಟೆ ವ್ಯಾಪಾರಿಯಾಗಿದ್ದ ತಂದೆ ಫ್ರಾನ್ಸಿನಿಂದ ಮರಳಿದವರು ಮಗನನ್ನು ಫ್ರಾಂಚೆಸ್ಕೊ, ಅಂದರೆ 'ಫ್ರೆಂಚಿನವನು' ಎಂದು ಕರೆದರು. ವ್ಯಾಪಾರದ ಅಭಿಮಾನದಿಂದ ಇಟ್ಟ ಆ ಹೆಸರನ್ನೇ 2013ರಲ್ಲಿ ಕಾರ್ಡಿನಲ್ ಬೆರ್ಗೋಲಿಯೊ ಅವರು ಜಗದ್ಗುರುಗಳಾದಾಗ ಬಡವರ ನೆನಪಿಗಾಗಿ ಆರಿಸಿಕೊಂಡರು. ಇಟ್ಟವರ ಮನಸ್ಸಿನಲ್ಲಿ ಇದ್ದದ್ದೇ ಒಂದು, ಹೊತ್ತವರು ಅದಕ್ಕೆ ಕೊಟ್ಟ ಅರ್ಥವೇ ಇನ್ನೊಂದು.

ಹೆಸರಿಡುವ ರೀತಿಯೂ ದೇಶದಿಂದ ದೇಶಕ್ಕೆ ಬೇರೆ. ಆಫ್ರಿಕದ ಘಾನಾ ದೇಶದ ಆಕಾನ್ ಜನರು ಮಗು ಹುಟ್ಟಿದ ವಾರದ ಹೆಸರನ್ನೇ ಇಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8ರ ಶುಕ್ರವಾರ. ಅದೇ ದೇಶದ ಕಾರ್ಡಿನಲ್ ಪೀಟರ್ ಕೊಡ್ವೊ ಟರ್ಕ್‌ಸನ್ ಅವರ ನಡುವಿನ ಹೆಸರು ಅವರು ಸೋಮವಾರ ಹುಟ್ಟಿದವರೆಂದು ಹೇಳುತ್ತದೆ. ಸ್ಪೇನಿನವರ ರೀತಿ ಬೇರೆ. ಅವರು ಮಾತೆ ಮರಿಯಳ ಬಿರುದುಗಳನ್ನೇ ಹೆಣ್ಣುಮಕ್ಕಳಿಗೆ ಇಡುತ್ತಾರೆ. ಡೊಲೊರೆಸ್ ಎಂದರೆ ವ್ಯಾಕುಲಗಳು, ಮೆರ್ಸೆಡೆಸ್ ಎಂದರೆ ದಯೆಗಳು. ನಮ್ಮ ಆರೋಗ್ಯಮ್ಮ, ಸಹಾಯಮ್ಮ, ಲೂರ್ದಮ್ಮ ಇದ್ದಂತೆ. ಒಬ್ಬ ಸಿರಿವಂತ ವ್ಯಾಪಾರಿ ತನ್ನ ಮಗಳ ಆ ಹೆಸರನ್ನು ತಾನು ಮಾರುತ್ತಿದ್ದ ಕಾರಿಗೆ ಇಟ್ಟಿದ್ದರಿಂದ ಇಂದು ಮೆರ್ಸೆಡೆಸ್ ಎಂದೊಡನೆ ಯಾರಿಗೂ ದಯೆ ನೆನಪಾಗುವುದಿಲ್ಲ, ಬೆಲೆ ನೆನಪಾಗುತ್ತದೆ!

ಹಾಗಾದರೆ ನಾವು ನಮ್ಮ ನೆಲದ ಹೆಸರುಗಳನ್ನು ಇಡಬಾರದೇ ಎಂದು ಕೆಲವರು ಈಗಲೂ ಕೇಳುತ್ತಾರೆ. ಅರುಣ, ಸುನೀತ, ಪ್ರಕಾಶ ಎಂದರೆ ಗುರುಗಳು ಬೇಡ ಎನ್ನುತ್ತಾರೇನೋ ಎಂಬ ಅಳುಕು. 1917ರ ಧರ್ಮಸಭೆಯ ಕಾನೂನು ಸಂಹಿತೆ ಕ್ರೈಸ್ತ ಹೆಸರನ್ನೇ ಇಡಬೇಕೆಂದೂ, ತಂದೆತಾಯಿ ಒಪ್ಪದಿದ್ದರೆ ಗುರುಗಳೇ ಒಬ್ಬ ಸಂತರ ಹೆಸರನ್ನು ಸೇರಿಸಿ ಬರೆಯಬೇಕೆಂದೂ ವಿಧಿಸಿತ್ತು. 1983ರ ಸಂಹಿತೆ ಕೇಳುವುದು ಇಷ್ಟೇ: ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡದಂತೆ ತಂದೆತಾಯಿ, ಜ್ಞಾನ ತಂದೆತಾಯಿ ಮತ್ತು ಗುರುಗಳು ಎಚ್ಚರ ವಹಿಸಬೇಕು. ತಿರುವಾಂಕೂರಿನ ನೀಲಕಂಠ ಪಿಳ್ಳೈ 1745ರಲ್ಲಿ ದೀಕ್ಷಾಸ್ನಾನ ಪಡೆದಾಗ ಅವರಿಗೆ ಸಿಕ್ಕ ಹೆಸರು ಲಾಸರ. 'ದೇವರು ನೆರವಾದರು' ಎಂಬ ಆ ಹೀಬ್ರೂ ಅರ್ಥವನ್ನೇ ತಮಿಳಿಗೆ ತಂದು ದೇವಸಹಾಯಂ ಎಂದರು. 2022ರ ಮೇ 15ರಂದು ರೋಮಿನಲ್ಲಿ ಸಂತರೆಂದು ಸಾರಿದ್ದು ಆ ಹೆಸರಿನಿಂದಲೇ. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಯಾವುದು ಎಂದು ಯೋಚಿಸಿದಾಗ ನನ್ನ ಕಣ್ಣಿಗೆ ಬರುವುದು ಅರುಣನೂ ಅಲ್ಲ, ಪ್ರಕಾಶನೂ ಅಲ್ಲ. ಸಾಕಮ್ಮ.

ಇದು ಒಂದು ಮನೆಯ ಮಾತಲ್ಲ. ನಮ್ಮ ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ 'ನಕುಸಾ' ಎಂದು ಹೆಸರಿಡುತ್ತಿದ್ದರು, ಬೇಡವಾದವಳು ಎಂದು ಅರ್ಥ. 2011ರ ಅಕ್ಟೋಬರ್ 22ರಂದು ಅಲ್ಲಿನ ಜಿಲ್ಲಾಡಳಿತ ಸಮಾರಂಭವೊಂದನ್ನು ಏರ್ಪಡಿಸಿ ಅಂತಹ 285 ಹುಡುಗಿಯರಿಗೆ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಹುಡುಗಿಯರು ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು. ಕೆಲವರು ಸಿನಿಮಾ ತಾರೆಯರ ಹೆಸರು, ಕೆಲವರು ದೇವಿಯರ ಹೆಸರು. ಸರ್ಕಾರದವರು ಮಾಡಿದ ಈ ಕೆಲಸ ನಾವು ಎಂದೋ ಮಾಡಬೇಕಾಗಿದ್ದ ಕೆಲಸ ಎಂದು ನನಗೆ ಅನ್ನಿಸಿದೆ.

ಏಕೆಂದರೆ ನಮ್ಮ ಪವಿತ್ರ ಗ್ರಂಥದಲ್ಲೇ ಇದು ನಡೆದಿದೆ. ಪ್ರವಾದಿ ಹೊಶೇಯನ ಮಗಳ ಹೆಸರು ಲೋ-ರುಹಾಮ, ಕರುಣೆ ಸಿಗದವಳು. ಜನರ ಪಾಪಕ್ಕೆ ಗುರುತಾಗಿ ದೇವರೇ ಇಡಿಸಿದ ಹೆಸರದು. ಆದರೆ ಪುಟ ತಿರುಗಿಸುವಷ್ಟರಲ್ಲಿ ಅದೇ ದೇವರು ಆ ಹೆಸರಿನ ಮುಂದಿನ 'ಲೋ' ಎಂಬ ಇಲ್ಲವನ್ನು ಕಿತ್ತುಹಾಕಿ ರುಹಾಮ ಎಂದು ಕರೆಯಲು ಹೇಳುತ್ತಾರೆ. ರಾಖೇಲಳು ಹೆರಿಗೆಯ ನೋವಿನಲ್ಲಿ ಪ್ರಾಣಬಿಡುವಾಗ ಮಗುವನ್ನು ಬೆನೋನಿ, ನನ್ನ ದುಃಖದ ಮಗ, ಎಂದು ಕರೆದಳು. ತಾಯಿಯ ಕಡೆಯ ಮಾತು ಅದು. ಆದರೂ ಯಕೋಬ ಒಪ್ಪಲಿಲ್ಲ. ಪ್ರೀತಿಯ ಹೆಂಡತಿಯ ಶವದ ಪಕ್ಕದಲ್ಲಿ ನಿಂತು ಮಗುವಿಗೆ ಬೆನ್ಯಮೀನ, ಬಲಗೈಯ ಮಗ, ಎಂದು ಹೆಸರಿಟ್ಟ. ತಾಯಿಯನ್ನು ಕೊಂದು ಹುಟ್ಟಿದವನು ಎಂಬ ಮಾತನ್ನು ಆ ಕೂಸು ಜೀವನವಿಡೀ ಹೊರಬಾರದು ಎಂದು ಆ ತಂದೆಗೆ ತಿಳಿದಿತ್ತು.

ಸೂಡಾನಿನ ಸಂತ ಜೋಸೆಫಿನ್ ಬಖಿತರ ಬಗ್ಗೆ ನೀವು ಓದಿರಬಹುದು. ಏಳೆಂಟು ವರ್ಷದ ಹುಡುಗಿಯನ್ನು ಗುಲಾಮ ವ್ಯಾಪಾರಿಗಳು ಹೊತ್ತೊಯ್ದರು. ಆ ಭಯದಲ್ಲಿ ಹುಡುಗಿ ಹೆತ್ತವರು ಇಟ್ಟ ತನ್ನ ಹೆಸರನ್ನೇ ಮರೆತುಬಿಟ್ಟಳು. ಕದ್ದವರು ಬಖಿತ ಎಂದು ಕರೆದರು. ಅರಬ್ಬಿಯಲ್ಲಿ 'ಅದೃಷ್ಟವಂತೆ' ಎಂದು ಅರ್ಥ, ಎಂಥ ಅಣಕ ನೋಡಿ. ಮಾರಾಟವಾಗಿ, ಮತ್ತೆ ಮಾರಾಟವಾಗಿ, ಮೈತುಂಬ ಗಾಯದ ಕಲೆ ಹೊತ್ತು ಕೊನೆಗೆ ಇಟಲಿ ಸೇರಿ ಬಿಡುಗಡೆ ಪಡೆದರು. 1890ರ ಜನವರಿ 9ರಂದು ವೆನಿಸಿನಲ್ಲಿ ದೀಕ್ಷಾಸ್ನಾನವಾಯಿತು. ಕೊಟ್ಟ ಹೆಸರುಗಳಲ್ಲಿ ಒಂದು ಫೊರ್ತುನಾತ. ಬಖಿತ ಎಂಬುದರ ಅನುವಾದವೇ ಅದು. ಅಣಕದ ಹೆಸರನ್ನು ಧರ್ಮಸಭೆ ಅಳಿಸಲಿಲ್ಲ, ದೀಕ್ಷಾಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ನಿಜ ಮಾಡಿತು. 2000ದ ಅಕ್ಟೋಬರ್ 1ರಂದು ಅವರು ಸಂತರಾದರು.

ಈಗ ಸಾಕಮ್ಮನವರ ವಿಷಯ. 'ದೀಕ್ಷಾಸ್ನಾನದಲ್ಲಿ ನಿಮಗೆ ಸಾಕಮ್ಮ ಎಂದು ಹೆಸರಿಟ್ಟಿರಲಾರರು, ರಿಜಿಸ್ಟರಿನಲ್ಲಿ ಏನಿದೆ?' ಎಂದು ಕೇಳಿದೆ. 'ಅದರಲ್ಲಿ ಅನ್ನಮ್ಮ ಅಂತ ಇದೆ ಸ್ವಾಮಿ. ಮದುವೆಯ ಚೀಟಿಯಲ್ಲೂ ಹಾಗೇ ಬರೆದರು. ಅದೂ ಅಷ್ಟೇ, ಕೂಳಿಗೆ ದಂಡ ಅಂತ ಇಟ್ಟಿರಬೇಕು' ಎಂದರು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅನ್ನ ಎಂದರೆ ತಟ್ಟೆಯ ಅನ್ನ ಎಂದು ಅವರು ತಿಳಿದಿದ್ದರು! ತಿನ್ನಲು ಇನ್ನೊಂದು ಬಾಯಿ ಬಂತು ಎಂದು ಇಟ್ಟ ಹೆಸರು ಎಂದು. ಐವತ್ತು ವರ್ಷ ಭಾನುವಾರ ತಪ್ಪದೆ ಪೂಜೆಗೆ ಬಂದ ಹೆಣ್ಣುಮಗಳಿಗೆ ಯಾವ ಗುರುವೂ, ನಾನೂ ಸೇರಿದಂತೆ, ಅವರ ಹೆಸರಿನ ಅರ್ಥ ಹೇಳಿರಲಿಲ್ಲ.

ಅನ್ನ ಎಂಬುದು ಹೀಬ್ರೂವಿನ ಹನ್ನಾ. ಅರ್ಥ ಕೃಪೆ. ಯೊವಾನ್ನ ಎಂಬ ಹೆಸರಿನೊಳಗೆ ಅಡಗಿರುವ ಧಾತುವೇ ಇಲ್ಲೂ ಇರುವುದು. ಮಾತೆ ಮರಿಯಳ ತಾಯಿಯ ಹೆಸರು ಅದೇ ಎಂದು ಸಂಪ್ರದಾಯ, ಹಾಗಾಗಿ ಯೇಸುವಿಗೆ ಅವರು ಅಜ್ಜಿ, ಜುಲೈ 26ರಂದು ಅವರ ಹಬ್ಬ. ಇಷ್ಟನ್ನು ಹೇಳಿದೆ. ಆ ತಾಯಿ ಏನೂ ಮಾತಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, 'ಇನ್ನೊಂದು ಸಲ ಹೇಳಿ' ಎಂದರು. ಮತ್ತೆ ಹೇಳಿದೆ.

ಸೊಸೆಗೆ ಕೃಪಾ ಎಂಬ ಹೆಸರು ಇಷ್ಟವಾಯಿತು. ಅರ್ಥ ಒಂದೇ, ಕನ್ನಡಕ್ಕೂ ಒಪ್ಪುತ್ತದೆ ಎಂದು ನಾನೂ ತಲೆದೂಗಿದೆ. ಅತ್ತೆ ಒಪ್ಪಲಿಲ್ಲ. ಕೊನೆಗೆ ಅನ್ನ ಕೃಪಾ ಎಂದಾಯಿತು. ಜ್ಞಾನತಾಯಿಯಾಗಿ ಅಜ್ಜಿಯೇ ನಿಲ್ಲಬೇಕೆಂದು ಮಗ ಕೇಳಿಕೊಂಡ. ನಿಲ್ಲಬಹುದೇ ಎಂದು ಅವರು ನನ್ನನ್ನು ಕೇಳಿದರು. ಹೆತ್ತ ತಂದೆತಾಯಿ ನಿಲ್ಲುವಂತಿಲ್ಲ, ಅಜ್ಜಿ ನಿಲ್ಲಬಹುದು ಎಂದೆ.

ಆ ಭಾನುವಾರ ದೇವಾಲಯದ ಬಾಗಿಲಲ್ಲಿ ಸಂಸ್ಕಾರದ ಮೊದಲ ಪ್ರಶ್ನೆಯನ್ನು ಕೇಳಿದೆ, ಮಗುವಿಗೆ ಯಾವ ಹೆಸರಿಟ್ಟಿದ್ದೀರಿ ಎಂದು. ಉತ್ತರ ಕೊಡಬೇಕಾದವರು ತಂದೆತಾಯಿ. ಅವರು ಬಾಯಿ ತೆರೆಯುವ ಮೊದಲೇ ಅಜ್ಜಿ ಗಟ್ಟಿಯಾಗಿ ಹೇಳಿಬಿಟ್ಟರು. ಜನ ನಕ್ಕರು. ತಂದೆತಾಯಿ ಇನ್ನೊಮ್ಮೆ ಹೇಳಿದರು.

ಪೂಜೆಯ ನಂತರ ರಿಜಿಸ್ಟರಿಗೆ ಸಹಿ. ಜ್ಞಾನತಾಯಿಯ ಸಾಲಿನಲ್ಲಿ ಅವರು ಅಭ್ಯಾಸಬಲದಿಂದ 'ಸಾ' ಎಂದು ಬರೆದರು. ನಿಲ್ಲಿಸಿದರು. ಪೆನ್ನನ್ನು ಒತ್ತಿ ಅದರ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಅನ್ನಮ್ಮ ಎಂದು ಬರೆದರು. ರಿಜಿಸ್ಟರಿನಲ್ಲಿ ಏನನ್ನಾದರೂ ಹೊಡೆದುಹಾಕಿದರೆ ಅಲ್ಲಿ ಗುರುಗಳ ಚಿಕ್ಕ ಸಹಿ ಬೇಕು. ಹಾಕಿದೆ.