ಹದವಾದ ತೊಗಲು, ಹದಗೆಟ್ಟ ನೀರು

ಕಾನೂನು ವಿದ್ಯಾರ್ಥಿಗಳಿಗಾಗಿ ನಡೆಯುವ ಪರಿಸರ ಕಾನೂನಿನ ಪ್ರಬಂಧ ಸ್ಪರ್ಧೆಗಳಲ್ಲಿ "ಕೆಡಿಸಿದವನೇ ತೆರಬೇಕು" ಎಂಬ ತತ್ವ ಬಂದೇ ಬರುತ್ತದೆ. ಸಂವಿಧಾನದ 21ನೇ ವಿಧಿ, 1976ರ ತಿದ್ದುಪಡಿಯಲ್ಲಿ ಸೇರಿದ 48ಎ ಮತ್ತು 51ಎ, ಜೊತೆಗೆ ನಾಲ್ಕಾರು ತೀರ್ಪುಗಳಿದ್ದರೆ ಪ್ರಬಂಧ ಸಿದ್ಧ. ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ, ಅವರನ್ನು ಕೇಳಿದ್ದೇ ಅಷ್ಟು. ಆದರೆ ಆ ತತ್ವದ ಒಳಗೆ ಕಾನೂನಿಗಿಂತಲೂ ಹಳೆಯದಾದ ಪ್ರಶ್ನೆಯೊಂದಿದೆ. ನೆರೆಯವನ ಬಾವಿಯನ್ನು ಕೆಡಿಸಿ ಗಳಿಸಿದ ಹಣ ದಂಡ ಕಟ್ಟಿದ ಮಾತ್ರಕ್ಕೆ ಹಲಾಲ್ ಆಗುತ್ತದೆಯೇ?

ಮುಸ್ಲಿಮರಾದ ನಮಗೆ ಇದು ದೂರದ ಪ್ರಶ್ನೆಯಲ್ಲ. ಈ ತತ್ವ ನಮ್ಮ ದೇಶದ ಕಾನೂನಾಗಿ ಗಟ್ಟಿಗೊಂಡದ್ದೇ ತೊಗಲು ಹದ ಮಾಡುವ ಟ್ಯಾನರಿಗಳ ಮೊಕದ್ದಮೆಯಲ್ಲಿ. ಕಾನ್ಪುರದ ಜಾಜ್‌ಮವು, ತಮಿಳುನಾಡಿನ ವಾಣಿಯಂಬಾಡಿ, ಆಂಬೂರುಗಳಲ್ಲಿ ಈ ಉದ್ಯಮದ ಮಾಲೀಕರಲ್ಲಿ ಮುಸ್ಲಿಮರು ಬಹಳ. ಅಲ್ಲಿ ದುಡಿಯುವವರು ಬಡ ಮುಸ್ಲಿಮರು ಮತ್ತು ದಲಿತರು. ಆ ವ್ಯಾಪಾರದ ಹಣದಿಂದ ಮಸೀದಿಗಳೂ ಕಾಲೇಜುಗಳೂ ಎದ್ದಿವೆ.

ಕಾನ್ಪುರದ ಟ್ಯಾನರಿಗಳ ಬಗ್ಗೆ 1987ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಶುದ್ಧೀಕರಣ ಘಟಕ ಹಾಕಲು ಶಕ್ತಿಯಿಲ್ಲ ಎಂಬ ಮಾಲೀಕರ ವಾದವನ್ನು ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಒಪ್ಪಲಿಲ್ಲ. ಕನಿಷ್ಠ ಕೂಲಿ ಕೊಡಲಾಗದ ಕಾರ್ಖಾನೆಗೆ ಹೇಗೆ ನಡೆಯುವ ಹಕ್ಕಿಲ್ಲವೋ ಹಾಗೆಯೇ ಇದು ಎಂಬುದು ಅವರ ತರ್ಕ. ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದ ಈ ಕನ್ನಡಿಗರ ಹೋಲಿಕೆ ನಮಗೆ ಬಹಳ ಸರಿಯೆನಿಸುತ್ತದೆ. ಕೂಲಿಯವನ ಬೆವರನ್ನು ಕದಿಯುವುದಕ್ಕೂ ರೈತನ ನೀರನ್ನು ಕದಿಯುವುದಕ್ಕೂ ವ್ಯತ್ಯಾಸವಾದರೂ ಏನಿದೆ?

1996ರ ವೆಲ್ಲೂರು ತೀರ್ಪಿನಲ್ಲಿ ಪಾಲಾರ್ ನದಿಯ ಕಥೆಯಿದೆ. ಟ್ಯಾನರಿಗಳ ಸುತ್ತಲಿನ ಸುಮಾರು 35,000 ಹೆಕ್ಟೇರ್ ಹೊಲ ಭಾಗಶಃ ಅಥವಾ ಪೂರ್ತಿಯಾಗಿ ಬೇಸಾಯಕ್ಕೆ ಬಾರದಂತಾಗಿತ್ತು. ಕೋರ್ಟು ಒಂದೊಂದು ಟ್ಯಾನರಿಗೂ 10,000 ರೂಪಾಯಿ ದಂಡ ಹಾಕಿತು. ಹಾನಿಗೊಳಗಾದ ಕುಟುಂಬಗಳಿಗೆ ಪರಿಹಾರ ಕೊಡಿಸಲೂ ಹೇಳಿತು. ಆದರೂ 2025ರ ಜನವರಿಯಲ್ಲಿ ಅದೇ ಕೋರ್ಟು, ಪರಿಹಾರ ಸಿಗದವರಿಗೆ ಸರಕಾರವೇ ಕೊಟ್ಟು ಆಮೇಲೆ ಕೆಡಿಸಿದವರಿಂದ ವಸೂಲಿ ಮಾಡಲಿ ಎಂದು ಮತ್ತೊಮ್ಮೆ ಆದೇಶಿಸಬೇಕಾಯಿತು. ನಡುವೆ ಇಪ್ಪತ್ತೆಂಟು ವರ್ಷ ಕಳೆದಿತ್ತು. ಅಷ್ಟರಲ್ಲಿ ರೈತನ ಒಂದು ತಲೆಮಾರೇ ಹೊಲ ಬಿಟ್ಟು ಹೋಗಿರುತ್ತದೆ.

ಹರಿಯುವ ಹೊಳೆಯ ಬಳಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿ(ಸ)ರವರು ಕಲಿಸಿದ್ದನ್ನು ಪರಿಸರ ದಿನದ ಭಾಷಣಗಳಲ್ಲಿ ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದಕ್ಕಿಂತ ಕಠಿಣವಾದ ಇನ್ನೊಂದು ಪಾಠವನ್ನು ಅಷ್ಟಾಗಿ ಹೇಳುವುದಿಲ್ಲ. ಅಲ್ಲಾಹನ ಹಕ್ಕಿನಲ್ಲಿ ಲೋಪವಾದರೆ ಪಶ್ಚಾತ್ತಾಪವಿದೆ. ಮನುಷ್ಯನ ಹಕ್ಕನ್ನು ಕಸಿದಿದ್ದರೆ, ಅದನ್ನು ಹಿಂದಿರುಗಿಸಬೇಕು ಅಥವಾ ಅನ್ಯಾಯಕ್ಕೊಳಗಾದವನೇ ಮನ್ನಿಸಬೇಕು. ನಮಾಝ್, ಹಜ್, ದಾನಧರ್ಮ ಯಾವುದೂ ಆ ಸಾಲವನ್ನು ತೀರಿಸುವುದಿಲ್ಲ. ಕೋರ್ಟಿಗೆ ಕಟ್ಟಿದ ದಂಡದ ರಸೀದಿಯೂ ಅಷ್ಟೆ.

ಇದಕ್ಕೆ ನಮ್ಮವರೇ ಒಂದು ಉತ್ತರ ಕೊಡುತ್ತಾರೆ. ಗಂಗೆಯನ್ನು ಹೆಚ್ಚು ಕೆಡಿಸುವುದು ಊರುಗಳ ಚರಂಡಿ, ಆದರೆ ಬೆರಳು ಮಾತ್ರ ಟ್ಯಾನರಿಗಳ ಕಡೆಗೇ ತಿರುಗುತ್ತದೆ ಎಂದು. ಮಾತು ಸುಳ್ಳಲ್ಲ. 2019ರ ಕುಂಭಮೇಳದ ಹೊತ್ತಿಗೆ ಕಾನ್ಪುರದ ಟ್ಯಾನರಿಗಳು ತಿಂಗಳುಗಟ್ಟಲೆ ಮುಚ್ಚಿದ್ದವು, ದಿನಗೂಲಿಯವರು ಬೀದಿಗೆ ಬಿದ್ದರು. ಸರಕಾರಗಳ ಈ ತಾರತಮ್ಯವನ್ನು ಪ್ರಶ್ನಿಸಲೇಬೇಕು. ಆದರೆ ಅದು ಸರಕಾರಕ್ಕೆ ಹೇಳುವ ಉತ್ತರ, ಬಾವಿಯ ನೀರು ಉಪ್ಪಾದ ರೈತನಿಗೆ ಹೇಳುವ ಉತ್ತರವಲ್ಲ.

ಕೆಡಿಸಿದವನು ಸರಕಾರವೇ ಆದರೆ ಏನು ಮಾಡುವುದು? ಬೆಂಗಳೂರಿನ ಬೆಳ್ಳಂದೂರು ಕೆರೆಯ ವಿಷಯದಲ್ಲಿ 2018ರಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಆ ಹಣ ಬರುವುದು ತೆರಿಗೆಯಿಂದ. ಅಂದರೆ ನೊರೆಯ ಪಕ್ಕ ಬದುಕಿದವನೇ ದಂಡವನ್ನೂ ತೆತ್ತ ಹಾಗಾಯಿತು. ಮುಂದಿನ ಸ್ಪರ್ಧೆಯ ಆಯೋಜಕರು ವಿದ್ಯಾರ್ಥಿಗಳ ಮುಂದೆ ಈ ಲೆಕ್ಕವನ್ನೇ ಇಡಲಿ. ಟ್ಯಾನರಿಯ ಕೂಲಿಯವನ ಅನ್ನ ಹೋಗದಂತೆ ರೈತನ ಬಾಕಿಯನ್ನು ಮಾಲೀಕನಿಂದ ತೀರಿಸುವ ದಾರಿ ಯಾವುದೆಂದೂ ಕೇಳಲಿ.